‘ಕಾರಣ’ ಎಂಬ ಕಾಲಂನಲ್ಲಿ ಏನು ಬರೆದಿದೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಇದು ಎರಡನೇ ವರ್ಷ. ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ನಡೆಯುವ ಲಿಂಗಾಧಾರಿತ ಹಿಂಸೆಯ ಕಾರಣಗಳು ನನ್ನ ವಿಷಯ. ದೂರು ಸಮಿತಿಗೆ ಐದು ವರ್ಷಗಳಲ್ಲಿ ಬಂದ ದೂರುಗಳನ್ನು ವಿಂಗಡಿಸಿದರೆ ಕಾರಣಗಳು ತಾವಾಗಿಯೇ ಕಾಣುತ್ತವೆ ಎನ್ನುತ್ತಾರೆ ಗೈಡ್. ಹೋಗಿ ನೋಡಿದರೆ ಐದು ವರ್ಷಕ್ಕೆ ಬಂದಿರುವುದು 11 ದೂರು ಮಾತ್ರ. ‘ಸಮಸ್ಯೆಯೇ ಇಲ್ಲದ ಕಡೆ ಕಾರಣ ಹುಡುಕಲು ಹೊರಟಿದ್ದೀಯಲ್ಲ’ ಎಂದು ವಿಭಾಗದಲ್ಲಿ ಹೇಳುತ್ತಿದ್ದಾರೆ. ವಿಷಯ ಬದಲಿಸಲೇ? 32 ಪ್ರಶ್ನೆಗಳ ಪ್ರಶ್ನಾವಳಿಯ ಕರಡನ್ನೂ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ.
ಸಂಶೋಧನಾ ವಿದ್ಯಾರ್ಥಿನಿ, ಹೆಸರು ಬೇಡ

ಉತ್ತರ: ವಿಷಯ ಬದಲಿಸಬೇಡಿ. ಆ 11 ಎಂಬ ಸಂಖ್ಯೆಯಿಂದಲೇ ಕೆಲಸ ಶುರು ಮಾಡಿ.

ಪಾಠ ಮಾಡುತ್ತಿದ್ದ ಕಾಲದಲ್ಲಿ ನಾನು ಆರು ವರ್ಷ ದೂರು ಸಮಿತಿಯಲ್ಲೂ ಇದ್ದೆ. ಅಲ್ಲೊಂದು ರಿಜಿಸ್ಟರ್ ಇತ್ತು, ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕ. ಕ್ರಮಸಂಖ್ಯೆ, ದಿನಾಂಕ, ದೂರುದಾರರ ಹೆಸರು, ವಿಭಾಗ, ಸ್ಥಳ, ಎಲ್ಲ ಆದ ಮೇಲೆ ಕೊನೆಗೆ ‘ಕಾರಣ’ ಎಂಬ ಕಾಲಂ. ಒಂದು ಮಧ್ಯಾಹ್ನ ವಾರ್ಷಿಕ ವರದಿ ಬರೆಯಲು ಕೂತಾಗ ಆ ಒಂದೇ ಕಾಲಂ ಅನ್ನು ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದಿಕೊಂಡು ಹೋದೆ. ‘ಮೊದಲೇ ಪರಿಚಯವಿತ್ತು.’ ‘ಲೈಬ್ರರಿಯಿಂದ ತಡವಾಗಿ ಹೊರಟದ್ದು.’ ‘ಫೋನ್ ನಂಬರ್ ಕೊಟ್ಟದ್ದು.’ ‘ತಪ್ಪು ತಿಳುವಳಿಕೆ.’ ‘ಪ್ರೇಮ ಪ್ರಕರಣ.’ ಪುಟ ತಿರುಗಿಸಿದರೂ ಅದೇ. ಮೈಮುಟ್ಟಿದವನು, ಬೆದರಿಸಿದವನು ಯಾಕೆ ಹಾಗೆ ಮಾಡಿದ ಎಂಬ ಒಂದು ಪದ ಆ ಕಾಲಂನಲ್ಲಿ ಎಲ್ಲೂ ಇರಲಿಲ್ಲ. ಎಲ್ಲ ಸಾಲೂ ದೂರು ಕೊಟ್ಟ ಹುಡುಗಿ ಏನು ಮಾಡಿದಳು ಎಂಬುದರ ಬಗ್ಗೆಯೇ. ಅದರಲ್ಲಿ ಕೆಲವು ಸಾಲುಗಳು ನನ್ನದೇ ಕೈಬರಹದಲ್ಲಿದ್ದವು. ಆ ಮಧ್ಯಾಹ್ನವನ್ನು ನಾನು ಇನ್ನೂ ಮರೆತಿಲ್ಲ.

ನೀವು 11 ಕಡತಗಳನ್ನು ವಿಂಗಡಿಸಿದರೆ ಸಿಗುವುದು ಇದೇ. ನೀವು ಬರೆಯುವ ಮೊದಲೇ ನಿಮ್ಮ ತೀರ್ಮಾನವನ್ನು ನನ್ನಂಥ ಯಾರೋ ಬರೆದು ಮುಗಿಸಿರುತ್ತಾರೆ.

ಇನ್ನು ಸಂಖ್ಯೆಯ ಮಾತು. ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗ ಆ ದೇಶದ 39 ವಿಶ್ವವಿದ್ಯಾಲಯಗಳಲ್ಲಿ 30,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ 2017ರಲ್ಲಿ ವರದಿ ಕೊಟ್ಟಿತು. 2016ರ ಒಂದೇ ವರ್ಷದಲ್ಲಿ ಒಮ್ಮೆಯಾದರೂ ಲೈಂಗಿಕ ಕಿರುಕುಳ ಅನುಭವಿಸಿದವರು ಶೇ. 51. ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಜಾಗಗಳಲ್ಲಿ ಕಿರುಕುಳಕ್ಕೆ ಒಳಗಾದವರ ಪೈಕಿ ಶೇ. 94 ಮಂದಿ ಸಂಸ್ಥೆಗೆ ಔಪಚಾರಿಕವಾಗಿ ದೂರನ್ನೇ ಕೊಟ್ಟಿರಲಿಲ್ಲ. ಲೈಂಗಿಕ ಹಲ್ಲೆಗೆ ಒಳಗಾದವರಲ್ಲೂ ಶೇ. 87 ಮಂದಿ ಸುಮ್ಮನಿದ್ದರು. ನಿಮ್ಮ 11ರ ಹಿಂದೆ ಎಷ್ಟಿದೆ ಎಂದು ನಾನು ಊಹಿಸಿ ಹೇಳಲಾರೆ, ಊಹಿಸುವುದು ಸರಿಯೂ ಅಲ್ಲ. ಆದರೆ ಆ ಸಂಖ್ಯೆ ಹೇಳುತ್ತಿರುವುದು ಎಷ್ಟು ಜನ ದೂರು ಸಮಿತಿಯ ಬಾಗಿಲವರೆಗೆ ಬಂದರು ಎಂಬುದನ್ನಷ್ಟೇ. ಯಾಕೆ ಬರಲಿಲ್ಲ ಎಂದು ಕೇಳುವುದೂ ಕಾರಣಗಳ ಸಂಶೋಧನೆಯೇ. ಏನೇ ಮಾಡಿದರೂ ಕೇಳುವವರಿಲ್ಲ ಎಂದು ಗೊತ್ತಿರುವ ಕಡೆ ಕೈ ಮುಂದಾಗುತ್ತದೆ.

ಈಗ ನಿಮ್ಮ ಪ್ರಶ್ನಾವಳಿ. ಪೆನ್ಸಿಲ್ ಹಿಡಿದು ಎರಡು ಸಲ ಓದಿದೆ. 9ನೇ ಪ್ರಶ್ನೆ ಹೀಗಿದೆ: ‘ಕ್ಯಾಂಪಸ್‌ನಲ್ಲಿ ನಿಮ್ಮ ಮೇಲೆ ಎಂದಾದರೂ ಲೈಂಗಿಕ ದೌರ್ಜನ್ಯ ನಡೆದಿದೆಯೇ? ಹೌದು / ಇಲ್ಲ.’ ಇದನ್ನು ತೆಗೆದುಹಾಕಿ. ಯಾಕೆ ಎನ್ನುವುದಕ್ಕೆ ಈ ಕ್ಷೇತ್ರದ ಚರಿತ್ರೆಯನ್ನೇ ಸ್ವಲ್ಪ ಹೇಳಬೇಕು.

ಕ್ಲಿಫರ್ಡ್ ಕರ್ಕ್‌ಪ್ಯಾಟ್ರಿಕ್ ಮತ್ತು ಯೂಜಿನ್ ಕ್ಯಾನಿನ್ ಎಂಬ ಸಮಾಜಶಾಸ್ತ್ರಜ್ಞರು 1957ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ 291 ವಿದ್ಯಾರ್ಥಿನಿಯರ ಸಮೀಕ್ಷೆಯನ್ನು ಪ್ರಕಟಿಸಿದರು. ಆ ಒಂದು ಶೈಕ್ಷಣಿಕ ವರ್ಷದಲ್ಲಿ ತಮಗೆ ಬೇಡವಾದ ಲೈಂಗಿಕ ಆಕ್ರಮಣವನ್ನು ಒಂದಲ್ಲ ಒಂದು ಮಟ್ಟದಲ್ಲಿ ಎದುರಿಸಿದ್ದೇವೆ ಎಂದವರು ಅರ್ಧಕ್ಕಿಂತ ಹೆಚ್ಚು. ಆಗ ಅದನ್ನು ಗಮನಿಸಿದವರು ಕಡಿಮೆ. ಆಮೇಲೆ ಬಂದವರು ಮನಶ್ಶಾಸ್ತ್ರಜ್ಞೆ ಮೇರಿ ಕಾಸ್. ಅವರು 1982ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಹೊಸ ಬಗೆಯ ಪ್ರಶ್ನಾವಳಿ ರೂಪಿಸಿದರು. ‘ಅತ್ಯಾಚಾರ’ದಂಥ ಹೆಸರು ಕೊಟ್ಟು ಕೇಳುವ ಬದಲು ನಡೆದದ್ದನ್ನೇ ಬಿಡಿಸಿ ಕೇಳುವುದು ಅದರ ಕ್ರಮ. ನಿಮಗೆ ಇಷ್ಟವಿಲ್ಲದಿದ್ದಾಗ ಯಾರಾದರೂ ಬಲ ಪ್ರಯೋಗಿಸಿ ಹೀಗೆ ಮಾಡಿದ್ದಾರೆಯೇ, ಬೆದರಿಸಿ ಹೀಗೆ ಮಾಡಿದ್ದಾರೆಯೇ ಎಂದು. ಅಮೆರಿಕದ 32 ಶಿಕ್ಷಣ ಸಂಸ್ಥೆಗಳ 6,159 ವಿದ್ಯಾರ್ಥಿಗಳನ್ನು ಹೀಗೆ ಕೇಳಿದ ಫಲಿತಾಂಶ 1987ರಲ್ಲಿ ಹೊರಬಂತು. ಹದಿನಾಲ್ಕು ದಾಟಿದ ಮೇಲೆ ಅತ್ಯಾಚಾರ ಅಥವಾ ಅದರ ಯತ್ನಕ್ಕೆ ಗುರಿಯಾದವರು ನಾಲ್ವರು ವಿದ್ಯಾರ್ಥಿನಿಯರಲ್ಲಿ ಒಬ್ಬರು. ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಅಂಶ. ಕಾನೂನಿನ ಪ್ರಕಾರ ಅತ್ಯಾಚಾರವೇ ಆಗುವಂಥದ್ದನ್ನು ಅನುಭವಿಸಿದವರಲ್ಲಿ ಅದನ್ನು ಆ ಹೆಸರಿನಿಂದ ಕರೆದವರು ಶೇ. 27 ಮಾತ್ರ. ಯಾರಿಗೂ, ಆಪ್ತ ಗೆಳತಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡವರು ಶೇ. 42.

ಅಮೆರಿಕದ ಅಪರಾಧಶಾಸ್ತ್ರಜ್ಞೆ ಬಾನಿ ಫಿಶರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನೂ ಸ್ಪಷ್ಟ ಮಾಡಿತು. ವಿದ್ಯಾರ್ಥಿನಿಯರ ಒಂದು ಗುಂಪಿಗೆ ಬಿಡಿಸಿ ಕೇಳುವ ಪ್ರಶ್ನೆಗಳು, ಅಂಥದೇ ಇನ್ನೊಂದು ಗುಂಪಿಗೆ ಸರ್ಕಾರಿ ಅಪರಾಧ ಸಮೀಕ್ಷೆಯ ಮಾದರಿಯ ಪ್ರಶ್ನೆಗಳು. ಮೊದಲ ಗುಂಪಿನಲ್ಲಿ ಕಂಡ ಅತ್ಯಾಚಾರದ ಪ್ರಮಾಣ ಎರಡನೆಯದರ ಸುಮಾರು 11 ಪಟ್ಟು. ಬದಲಾದದ್ದು ಮುಖ್ಯವಾಗಿ ಕೇಳಿದ ರೀತಿ.

ಹಾಗಾಗಿ ನಿಮ್ಮ 9ನೇ ಪ್ರಶ್ನೆಯನ್ನು ಏಳೆಂಟು ಸಣ್ಣ ಪ್ರಶ್ನೆಗಳಾಗಿ ಒಡೆಯಿರಿ. ಯಾರಾದರೂ ಬೇಡವೆಂದರೂ ಪದೇಪದೇ ಹಿಂಬಾಲಿಸಿದ್ದಾರೆಯೇ? ನಿಮ್ಮ ಫೋಟೋ ಹಂಚುತ್ತೇನೆ ಎಂದು ಹೆದರಿಸಿದ್ದಾರೆಯೇ? ಅಂಕ, ಸಹಿ, ಶಿಫಾರಸು ಪತ್ರ ಇವನ್ನು ಮುಂದಿಟ್ಟು ಒಂಟಿಯಾಗಿ ಬರಲು ಹೇಳಿದ್ದಾರೆಯೇ? ನೀವು ನಿದ್ದೆಯಲ್ಲಿದ್ದಾಗ, ಮತ್ತಿನಲ್ಲಿದ್ದಾಗ ಮುಟ್ಟಿದ್ದಾರೆಯೇ? ಚುಡಾಯಿಸುವ ಮಾತಿನಿಂದ ಹಿಡಿದು ಅತ್ಯಾಚಾರದವರೆಗೆ ಎಲ್ಲವೂ ಒಂದೇ ಎಳೆಯ ಮೇಲಿವೆ ಎಂದು ಬ್ರಿಟನ್ನಿನ ಸಂಶೋಧಕಿ ಲಿಜ್ ಕೆಲ್ಲಿ 1988ರಲ್ಲೇ ತೋರಿಸಿಕೊಟ್ಟಿದ್ದಾರೆ. ಆ ಎಳೆಯನ್ನು ಮಧ್ಯೆ ಕತ್ತರಿಸಿ ‘ಗಂಭೀರ’ವಾದದ್ದನ್ನು ಮಾತ್ರ ಎಣಿಸಿದರೆ ಅಲ್ಲಿಗೆ ಹೇಗೆ ತಲುಪಿತು ಎನ್ನುವುದೇ ಕಾಣುವುದಿಲ್ಲ.

14ನೇ ಪ್ರಶ್ನೆ: ‘ಸಾಮಾನ್ಯವಾಗಿ ಎಷ್ಟು ಗಂಟೆಗೆ ಹಾಸ್ಟೆಲ್‌ಗೆ ಹಿಂತಿರುಗುತ್ತೀರಿ?’ 17ನೆಯದು ಉಡುಪಿನ ಬಗ್ಗೆ. 21ನೆಯದು ಸ್ನೇಹಿತರಲ್ಲಿ ಹುಡುಗರೆಷ್ಟು ಎಂದು. ಎಣಿಸಿ ನೋಡಿದೆ, 32ರಲ್ಲಿ 19 ಪ್ರಶ್ನೆಗಳು ಹುಡುಗಿಯರ ದಿನಚರಿಯ ಮೇಲಿವೆ. ಹುಡುಗರಿಗೆ ಒಂದೂ ಇಲ್ಲ, ಅಧ್ಯಾಪಕರಿಗೂ ಇಲ್ಲ. ಇವನ್ನು ಕಂಪ್ಯೂಟರಿಗೆ ಹಾಕಿದರೆ ಉತ್ತರ ಹುಡುಗಿಯರ ದಿನಚರಿಯಲ್ಲೇ ಸಿಗುತ್ತದೆ, ಬೇರೆ ಕಡೆ ಸಿಗಲು ದಾರಿಯೇ ಇಲ್ಲ. ನಿಮ್ಮ ಮನಸ್ಸಿನಲ್ಲಿ ಇದು ಇರಲಿಲ್ಲ ಎಂದು ನಿಮ್ಮ ಪತ್ರ ಓದಿದರೇ ತಿಳಿಯುತ್ತದೆ. ನನ್ನ ಮನಸ್ಸಿನಲ್ಲೂ ಇರಲಿಲ್ಲ.

ಅದನ್ನೂ ಹೇಳಿಬಿಡುತ್ತೇನೆ. ನನ್ನ ಕ್ಷೇತ್ರಕಾರ್ಯದ ಮೊದಲ ವರ್ಷ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ ನನ್ನೆದುರು ಕೂತಿದ್ದಳು. ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ. ಮಾತಾಡುತ್ತ ಅದರ ಮುಚ್ಚಳವನ್ನು ಅರ್ಧ ತಿರುಗಿಸುವುದು, ಮತ್ತೆ ಹಾಕುವುದು. ಹೇಳುತ್ತ ಹೇಳುತ್ತ ಲ್ಯಾಬಿನ ಬಾಗಿಲವರೆಗೆ ಬಂದಳು. ನಾನು ಕೇಳಿದೆ, ‘ಅಷ್ಟು ಹೊತ್ತಿನಲ್ಲಿ ನೀನು ಅಲ್ಲಿಗೆ ಯಾಕೆ ಹೋಗಿದ್ದೆ?’ ಮಾಹಿತಿಗೆಂದು ಕೇಳಿದ್ದು. ಅವಳ ಕೈ ನಿಂತಿತು. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಬಾಟಲಿಯನ್ನು ಬ್ಯಾಗಿಗೆ ಹಾಕಿದಳು. ‘ರೆಕಾರ್ಡಿಗೆ ಸಹಿ ಬೇಕಿತ್ತು ಮೇಡಂ’ ಎಂದಳು. ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ, ನಾನು ಎಷ್ಟು ಸಲ ಸಿಕ್ಕಿದರೂ.

ಆ ರಾತ್ರಿ ಟಿಪ್ಪಣಿ ಬರೆಯುವಾಗ ಹೊಳೆಯಿತು, ಅವಳು ಕಾರಣವನ್ನು ಹೇಳಿಯೇ ಎದ್ದುಹೋಗಿದ್ದಳು. ಸಹಿ ಬೇಕಿತ್ತು. ಸಹಿ ಒಬ್ಬನ ಕೈಯಲ್ಲಿತ್ತು, ಆ ಒಬ್ಬನಿಗೆ ಬೇಕಾದ ಹೊತ್ತಿಗೆ, ಬೇಕಾದ ಕೋಣೆಗೆ ಹೋಗದಿದ್ದರೆ ಅದು ಸಿಗುತ್ತಿರಲಿಲ್ಲ. ಸಂಶೋಧನಾ ವಿದ್ಯಾರ್ಥಿಯಾದ ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಪ್ರಗತಿ ವರದಿ, ಫೆಲೋಶಿಪ್ ಬಿಲ್ಲು, ಲ್ಯಾಬಿನ ಕೀಲಿಕೈ, ಪ್ರಬಂಧ ಒಪ್ಪಿಸುವ ದಿನ, ಮುಂದೆ ಕೆಲಸಕ್ಕೆ ಬೇಕಾದ ಒಂದು ಪತ್ರ, ಎಲ್ಲವೂ ಒಬ್ಬ ವ್ಯಕ್ತಿಯ ಮರ್ಜಿಯಲ್ಲಿ ನಿಂತಿರುವ ಬೇರೆ ಜಾಗ ಕಡಿಮೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2018ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ವಿಭಾಗಗಳ ಕುರಿತ ವರದಿಯಲ್ಲಿ ಇದನ್ನೇ ಹೇಳಿದವು: ಲೈಂಗಿಕ ಕಿರುಕುಳ ನಡೆಯುವುದೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಸಂಸ್ಥೆಯ ವಾತಾವರಣ, ಅಂದರೆ ‘ಇಲ್ಲಿ ಇದನ್ನೆಲ್ಲ ಸಹಿಸಿಕೊಳ್ಳುತ್ತಾರೆ’ ಎಂದು ಅಲ್ಲಿರುವವರಿಗೆ ಅನ್ನಿಸುವುದು. ಅದರ ಜೊತೆಗೆ ಗಂಡಸರದೇ ಮೇಲುಗೈ ಇರುವ ವಿಭಾಗ, ಒಬ್ಬರ ಕೈಯಲ್ಲೇ ಕೂಡಿಬಿದ್ದ ಅಧಿಕಾರ, ಬೇರೆಯವರ ಕಣ್ಣಿಲ್ಲದ ಲ್ಯಾಬು, ಕ್ಷೇತ್ರಪ್ರವಾಸ.

ಕಾರಣಗಳನ್ನು ಪದರಪದರವಾಗಿ ನೋಡುವ ಒಂದು ಚೌಕಟ್ಟನ್ನು ಸಂಶೋಧಕಿ ಲೋರಿ ಹೈಸಿ 1998ರಲ್ಲಿ ಕೊಟ್ಟರು. ವ್ಯಕ್ತಿ ಬೆಳೆದು ಬಂದ ಬಗೆ, ಅವನ ಹತ್ತಿರದ ಸಂಬಂಧಗಳು, ಅವನಿರುವ ಸಂಸ್ಥೆ ಮತ್ತು ಗೆಳೆಯರ ಬಳಗ, ಎಲ್ಲದರ ಹೊರಗೆ ಇಡೀ ಸಮಾಜ ಗಂಡು ಹೆಣ್ಣಿನ ಬಗ್ಗೆ ನಂಬಿಕೊಂಡು ಬಂದದ್ದು. ಯಾವ ಒಂದು ಪದರವೂ ಒಂಟಿಯಾಗಿ ಹಿಂಸೆಯನ್ನು ವಿವರಿಸುವುದಿಲ್ಲ ಎನ್ನುವುದು ಅವರ ವಾದ. ನಿಮ್ಮ ಸಿನಾಪ್ಸಿಸ್‌ಗೆ ಇದು ಒಳ್ಳೆಯ ಬೆನ್ನೆಲುಬಾದೀತು. ಮೂರನೆಯ ಪದರದ ಮೇಲೆ, ಸಂಸ್ಥೆಯ ಮೇಲೆ, ಹೆಚ್ಚು ಹೊತ್ತು ನಿಲ್ಲಿ ಎಂದು ಮಾತ್ರ ಹೇಳುತ್ತೇನೆ. ಬೇರೆ ಪದರಗಳ ಬಗ್ಗೆ ಎಲ್ಲರೂ ಭಾಷಣ ಮಾಡುತ್ತಾರೆ, ಸಂಸ್ಥೆಯ ಮಾತು ಬಂದ ಕೂಡಲೇ ಬಾಯಿಗೆ ಬೀಗ ಬೀಳುತ್ತದೆ.

ಜಾಗಗಳನ್ನೂ ನೋಡಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೆನಿಫರ್ ಹಿರ್ಷ್ ಮತ್ತು ಶಾಮಸ್ ಖಾನ್ ವಿದ್ಯಾರ್ಥಿಗಳ ನಡುವೆ ದೀರ್ಘಕಾಲ ಕ್ಷೇತ್ರಕಾರ್ಯ ಮಾಡಿದರು. ಅವರು ಗಮನಿಸಿದ ಒಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು: ಚಿಕ್ಕ ಹಾಸ್ಟೆಲ್ ಕೋಣೆಗೆ ಯಾರಾದರೂ ಬಂದರೆ ಕೂರಲು ಮಂಚ ಬಿಟ್ಟು ಬೇರೇನೂ ಇರುವುದಿಲ್ಲ. ಕೂತದ್ದನ್ನೇ ಒಪ್ಪಿಗೆ ಎಂದುಕೊಳ್ಳುವವನಿಗೆ ಅಷ್ಟು ಸಾಕು. ನಾವೂ ಒಂದು ಕೆಲಸ ಮಾಡಿದ್ದೆವು. ಕ್ಯಾಂಪಸ್ಸಿನ ನಕ್ಷೆಯನ್ನು ಮುದ್ರಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅಳುಕು ಹುಟ್ಟುವ ಜಾಗಕ್ಕೆ ಚುಕ್ಕೆ ಇಡಿ ಎಂದೆವು. ಕತ್ತಲ ರಸ್ತೆಗಳು ತುಂಬುತ್ತವೆ ಎಂದುಕೊಂಡಿದ್ದೆವು. ಸ್ಟಾಫ್ ರೂಮಿನ ಹೊರಗಿನ ಓಣಿ, ಉಪಕರಣಗಳ ಸ್ಟೋರ್ ರೂಮು, ಎರಡನೇ ಮಹಡಿಯ ತಿರುವು, ಈ ಮೂರೇ ಮಸಿಯಲ್ಲಿ ಮುಳುಗಿಹೋದವು. ಮೂರೂ ಕಡೆ ಹಗಲಿನಲ್ಲೂ ದೀಪ ಉರಿಯುತ್ತಿತ್ತು.

ಕೊನೆಗೆ ಎರಡು ಸಣ್ಣ ಸೂಚನೆ. ಹುಡುಗಿಯರನ್ನು ಮಾತ್ರ ಕೇಳಿ ನಿಲ್ಲಿಸಬೇಡಿ. 2019ರಲ್ಲಿ ಅಮೆರಿಕದ 33 ವಿಶ್ವವಿದ್ಯಾಲಯಗಳ ಸಮೀಕ್ಷೆಯಲ್ಲಿ ಪದವಿ ಓದುವ ಹೆಣ್ಣುಮಕ್ಕಳಲ್ಲಿ ಶೇ. 25.9 ಮಂದಿ, ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಶೇ. 22.8 ಮಂದಿ ತಮ್ಮ ಒಪ್ಪಿಗೆಯಿಲ್ಲದ ಲೈಂಗಿಕ ಸಂಪರ್ಕಕ್ಕೆ ಗುರಿಯಾಗಿದ್ದೇವೆ ಎಂದಿದ್ದರು. ನಿಮ್ಮ ಕರಡಿನಲ್ಲಿ ಅವರಿಗೆ ಗುರುತು ಹಾಕಲು ಒಂದು ಚೌಕವೂ ಇಲ್ಲ. ಎರಡನೆಯದು, ಒಂದೇ ಸಲ ಮಾಡಿದ ಸಮೀಕ್ಷೆಯಲ್ಲಿ ಎರಡು ಸಂಗತಿ ಜೊತೆಯಾಗಿ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಎಂದು ಬರೆಯಬೇಡಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಅದೇ ವಿದ್ಯಾರ್ಥಿಗಳನ್ನು ಮತ್ತೆ ಮತ್ತೆ ಕೇಳಬೇಕು, ಜೊತೆಗೆ ಕೂತು ಮಾತಾಡಬೇಕು. ಗೈಡ್ ಒಪ್ಪದಿದ್ದರೆ ಅವರ 11 ಕಡತಗಳನ್ನೂ ಬಿಡಬೇಡಿ. ‘ಸಂಸ್ಥೆ ಕಾರಣವನ್ನು ಹೇಗೆ ಬರೆಯುತ್ತದೆ’ ಎಂಬ ಅಧ್ಯಾಯಕ್ಕೆ ಅದಕ್ಕಿಂತ ಒಳ್ಳೆಯ ಆಕರ ಸಿಗದು.

ಪ್ರಶ್ನೆ: ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿ. ನಮ್ಮಲ್ಲಿ ಇಂಥ ಸಮೀಕ್ಷೆಯ ಫಾರಂ ಕೊಟ್ಟಾಗ ಹುಡುಗರೆಲ್ಲ ಬೇಸರಪಟ್ಟರು. ಎಲ್ಲರನ್ನೂ ಅಪರಾಧಿಗಳಂತೆ ಯಾಕೆ ನೋಡುತ್ತಾರೆ? ಕುಡಿತ, ಮೊಬೈಲ್ ಇವು ಕಾರಣ ಅಲ್ಲವೇ?
ಒಬ್ಬ ಓದುಗ

ಉತ್ತರ: ಬೇಸರವನ್ನು ಬರೆದು ಕಳಿಸಿದ್ದಕ್ಕೆ ಸಂತೋಷ. ಹುಡುಗರು ಫಾರಂ ಹರಿದು ಹಾಕುವುದನ್ನೂ ನೋಡಿದ್ದೇನೆ.

ಮೇಲೆ ಹೇಳಿದ ಮೇರಿ ಕಾಸ್ ಅಧ್ಯಯನದಲ್ಲಿ 2,972 ಗಂಡುಮಕ್ಕಳೂ ಇದ್ದರು. ಅತ್ಯಾಚಾರ ಅಥವಾ ಅದರ ಯತ್ನ ಆಗುವಂಥದ್ದನ್ನು ತಾವೇ ಮಾಡಿದ್ದೇವೆ ಎಂದು ಉತ್ತರಿಸಿದವರು ಶೇ. 7.7. ಒತ್ತಾಯದ ಎಲ್ಲ ಬಗೆಗಳನ್ನೂ ಸೇರಿಸಿದರೆ ನಾಲ್ವರಲ್ಲಿ ಒಬ್ಬ. ಹಾಗಾದರೆ ಎಲ್ಲರೂ ಅಲ್ಲ, ನಿಮ್ಮ ಮಾತು ಸರಿ. ಆದರೆ ಮೂವತ್ತು ಜನರ ತರಗತಿಯಲ್ಲಿ ಅದು ಎಷ್ಟಾಯಿತು ಎಂದು ನೀವೇ ಲೆಕ್ಕ ಹಾಕಿ. ಪದೇಪದೇ ಹೀಗೆ ಮಾಡುವ ಕೆಲವೇ ಕೆಲವರದೇ ಎಲ್ಲ ಕೃತ್ಯ ಎಂಬ ಭಾವನೆ 2002ರ ಒಂದು ಅಧ್ಯಯನದಿಂದ ಬಲವಾಗಿ ಬೇರೂರಿತ್ತು. 2015ರಲ್ಲಿ ಬಂದ ಇನ್ನೊಂದು ಅಧ್ಯಯನ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ, ಹೆಚ್ಚಿನವರು ಆ ಅಚ್ಚಿಗೆ ಹೊಂದುವುದಿಲ್ಲ ಎಂದಿತು. ಯಾರೋ ರಾಕ್ಷಸನನ್ನು ಹುಡುಕಿ ಹೊರಗೆ ಹಾಕಿದರೆ ಮುಗಿಯಿತು ಎನ್ನುವಂತಿಲ್ಲ. ಅದಕ್ಕೇ ನಿಮ್ಮನ್ನೆಲ್ಲ ಕೇಳುವುದು.

ಕುಡಿತದ ಬಗ್ಗೆ. ಕ್ಯಾಂಪಸ್ಸಿನ ಲೈಂಗಿಕ ಹಲ್ಲೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇಬ್ಬರಲ್ಲೊಬ್ಬರಾದರೂ ಕುಡಿದಿರುತ್ತಾರೆ ಎಂದು ಅಮೆರಿಕದ ಸಂಶೋಧನೆಗಳು ಹೇಳುತ್ತವೆ. ಕುಡಿತವನ್ನು ನಾನು ಹಗುರಾಗಿ ನೋಡುವುದಿಲ್ಲ. ಆದರೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಏಷ್ಯಾ ಮತ್ತು ಪೆಸಿಫಿಕ್‌ನ ಆರು ದೇಶಗಳಲ್ಲಿ 10,000ಕ್ಕೂ ಹೆಚ್ಚು ಗಂಡಸರನ್ನು ಕೇಳಿದ ಅಧ್ಯಯನವೊಂದಿದೆ, 2013ರದು. ಅದು ಕ್ಯಾಂಪಸ್ಸಿಗೆ ಸೀಮಿತವಲ್ಲ. ಅತ್ಯಾಚಾರ ಮಾಡಿದ್ದೇವೆ ಎಂದು ಒಪ್ಪಿಕೊಂಡವರನ್ನು ಯಾಕೆ ಎಂದು ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಬಂದ ಉತ್ತರ ಲೈಂಗಿಕತೆ ತಮಗೆ ಸಲ್ಲಬೇಕಾದ ಹಕ್ಕು, ಅವಳು ಒಪ್ಪಲಿ ಬಿಡಲಿ, ಎಂಬುದು. ಕೊಟ್ಟ ಕಾರಣಗಳಲ್ಲಿ ಕುಡಿತ ಕೊನೆಯದು. ಎಸಗಿದವರ ಬಾಯಿಂದಲೇ ಬಂದ ಮಾತು ಇದು. ಆ ಗಂಡಸರಲ್ಲಿ ಹೆಚ್ಚಿನವರಿಗೆ ಯಾವ ಕಾನೂನಿನ ಶಿಕ್ಷೆಯೂ ಆಗಿರಲಿಲ್ಲ.

ಮೊಬೈಲ್ ವಿಷಯ ನನಗೆ ಅಷ್ಟು ದೊಡ್ಡದೆನಿಸುವುದಿಲ್ಲ. ಫೋಟೋ ಕಳಿಸಿ ಹೆದರಿಸುವವನಿಗೆ ಅದು ಸಾಧನ, ಅಷ್ಟೇ. ಅದಕ್ಕಿಂತ ಕೋಣೆಯಲ್ಲಿ ನಾಲ್ಕು ಜನ ಕೂತಾಗ ಆಡುವ ಮಾತು ನೋಡಿ. ಒಬ್ಬ ಯಾವುದೋ ಹುಡುಗಿಯ ಬಗ್ಗೆ ಕೊಳಕಾಗಿ ಮಾತಾಡುತ್ತಾನೆ, ಮೂವರು ನಗುತ್ತಾರೆ. ಮೂವರಲ್ಲಿ ಇಬ್ಬರಿಗೆ ಒಳಗೆ ಹಿಡಿಸಿರುವುದಿಲ್ಲ, ಉಳಿದವರಿಗೆಲ್ಲ ಹಿಡಿಸಿದೆ ಎಂದುಕೊಂಡು ನಗುತ್ತಾರೆ. ಗೆಳೆಯರು ಇಂಥದನ್ನು ಎಷ್ಟು ಒಪ್ಪುತ್ತಾರೆ ಎಂಬುದನ್ನು ಗಂಡುಮಕ್ಕಳು ಇರುವುದಕ್ಕಿಂತ ಹೆಚ್ಚಾಗಿ ಅಂದಾಜಿಸುತ್ತಾರೆ ಎಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಮಾತಾಡಿದವನಿಗೆ ಸಿಕ್ಕಿದ್ದು ಮೂವರ ನಗು. ಈ ಸಂಗತಿ ಹೊರಬರುವುದು ನಿಮ್ಮಂಥವರು ಫಾರಂ ತುಂಬಿದರೆ ಮಾತ್ರ. ಮುಂದಿನ ಸಲ ಕೊಟ್ಟಾಗ ಹೆಸರು ಬರೆಯದೆ, ನಿಜ ಬರೆದು ಕೊಡಿ. ನಿಮ್ಮ ಕೋಣೆಯ ಆ ಇನ್ನೊಬ್ಬನಿಗೂ ಹೇಳಿ.

ಪ್ರಶ್ನೆ: ನಾನು ಉಪನ್ಯಾಸಕಿ. ನನ್ನ ವಿದ್ಯಾರ್ಥಿನಿಯೊಬ್ಬಳು ಕಿರುಪ್ರಬಂಧಕ್ಕೆಂದು ಸಂದರ್ಶನ ಮಾಡುವಾಗ ಎದುರಿಗಿದ್ದವಳು ತನ್ನ ಮೇಲೆ ನಡೆದದ್ದನ್ನು ಹೇಳಿ ಅತ್ತಳಂತೆ. ಇವಳಿಗೂ ಆಮೇಲೆ ನಿದ್ದೆ ಬಂದಿಲ್ಲ. ಏನು ಮಾಡಬೇಕಿತ್ತು?

ಉತ್ತರ: ಮೊದಲು ನಿಮ್ಮ ವಿದ್ಯಾರ್ಥಿನಿಯನ್ನು ಕರೆದು ಕೂರಿಸಿಕೊಳ್ಳಿ, ಇವತ್ತೇ. ಕೇಳಿಸಿಕೊಂಡವರಿಗೂ ಪೆಟ್ಟಾಗುತ್ತದೆ. ಇಂಥ ಕೆಲಸಕ್ಕೆ ಒಬ್ಬಳನ್ನೇ ಕಳಿಸಬಾರದು, ವಾರಕ್ಕೊಮ್ಮೆಯಾದರೂ ಹಿರಿಯರೊಬ್ಬರು ಕೂತು ಅವಳ ಮಾತು ಕೇಳಬೇಕು.

ಅತ್ತವಳಿಗೆ ಸಂದರ್ಶನ ಅಲ್ಲೇ ನಿಲ್ಲಿಸಬಹುದಿತ್ತು ಎಂದು ಗೊತ್ತಿತ್ತೇ? ಅದನ್ನು ಶುರುವಿನಲ್ಲೇ ಹೇಳಬೇಕು, ಯಾವ ಪ್ರಶ್ನೆಯನ್ನಾದರೂ ಬಿಡಬಹುದು ಎಂದೂ. ಏನನ್ನು ಗುಟ್ಟಾಗಿಡಲು ಸಾಧ್ಯ, ಏನನ್ನು ಸಾಧ್ಯವಿಲ್ಲ ಎಂಬುದನ್ನೂ ಮೊದಲೇ ಹೇಳಬೇಕು. ನಿಮ್ಮ ಸಂಸ್ಥೆಯ ನಿಯಮದಲ್ಲಿ ಅಧ್ಯಾಪಕರಿಗೆ ತಿಳಿದರೆ ವರದಿ ಮಾಡಲೇಬೇಕು ಎಂದಿದ್ದರೆ ಅದು ಹೇಳುವವಳಿಗೆ ಹೇಳುವ ಮುಂಚೆ ಗೊತ್ತಿರಬೇಕು. ಉಳಿದಂತೆ ದೂರು ಕೊಡುವುದು ಬಿಡುವುದು ಅವಳ ನಿರ್ಧಾರ. ‘ಕೊಡಲೇಬೇಕು’ ಎಂದು ಒತ್ತಾಯಿಸಿದರೆ ಅವಳ ಮಾತು ನಡೆಯದೇ ಹೋದದ್ದು ಎರಡನೇ ಸಲ ಆಯಿತು.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಕುಟುಂಬದೊಳಗಿನ ಹಿಂಸೆಯ ಸಂಶೋಧನೆಗೆ ನಿಯಮಗಳನ್ನು ಕೊಟ್ಟಿತು. ಎಲ್ಲಕ್ಕಿಂತ ಮೊದಲು ಮಾತಾಡುವವರ ಮತ್ತು ಕೇಳುವವರ ಸುರಕ್ಷತೆ, ಆಮೇಲೆ ಮಾಹಿತಿ. ಒಂದು ಮನೆಯಿಂದ ಒಬ್ಬರನ್ನೇ ಕೇಳಿ, ಸಮೀಕ್ಷೆಯ ಹೆಸರಿನಲ್ಲಿ ಹಿಂಸೆ ಎಂಬ ಪದ ಬೇಡ, ಸಹಾಯಕ್ಕೆ ಎಲ್ಲಿ ಹೋಗಬಹುದು ಎಂಬ ವಿವರ ಕೈಯಲ್ಲಿರಲಿ, ಹೀಗೆ. ಹಾಸ್ಟೆಲ್ಲಿಗೂ ಇದು ಹಾಗೇ ಅನ್ವಯಿಸುತ್ತದೆ. ಒಂದೇ ಕೋಣೆಯ ಇಬ್ಬರನ್ನು ಕೇಳಿದರೆ ಒಬ್ಬಳು ಏನು ಹೇಳಿರಬಹುದು ಎಂದು ಇನ್ನೊಬ್ಬಳಿಗೆ ತಿಳಿದುಹೋಗುತ್ತದೆ.

ಸಹಾಯದ ನಂಬರುಗಳ ವಿಷಯದಲ್ಲಿ ನಾವೂ ಒಮ್ಮೆ ಎಡವಿದ್ದೆವು. ದಪ್ಪ ಅಕ್ಷರದಲ್ಲಿ ‘ದೌರ್ಜನ್ಯಕ್ಕೆ ಒಳಗಾದವರಿಗೆ’ ಎಂದು ಮುದ್ರಿಸಿದ ಹಾಳೆಯನ್ನು ಕೊಟ್ಟೆವು. ಸಂಜೆ ನೋಡಿದರೆ ಕಾರಿಡಾರಿನ ಕಸದ ಬುಟ್ಟಿಯಲ್ಲಿ ಆರು ಹಾಳೆ ಬಿದ್ದಿದ್ದವು, ನಾಲ್ಕು ಮಡಿಕೆಯಾಗಿ ಮಡಿಸಿ. ಅದನ್ನು ಕೋಣೆಗೆ ಒಯ್ಯಲು ಯಾರಿಗೂ ಧೈರ್ಯವಿರಲಿಲ್ಲ. ಮರುವಾರ ಬೇರೆ ಮಾಡಿಸಿದೆವು. ಲೈಬ್ರರಿಯ ಸಮಯ, ಆರೋಗ್ಯ ಕೇಂದ್ರ, ಸ್ಕಾಲರ್‌ಶಿಪ್ ವಿಭಾಗ, ಪರೀಕ್ಷಾ ವಿಭಾಗ, ಇವುಗಳ ನಡುವೆ ಆಪ್ತಸಮಾಲೋಚಕರ ಮತ್ತು ದೂರು ಸಮಿತಿಯ ನಂಬರುಗಳು. ಐಡಿ ಕಾರ್ಡಿನ ಹಿಂದೆ ಸೇರುವ ಅಳತೆಗೆ ಕತ್ತರಿಸಿ, ಹುಡುಗ ಹುಡುಗಿ ಎನ್ನದೆ ಎಲ್ಲರಿಗೂ ಕೊಟ್ಟೆವು.